ತೊಗರ್ಸಿಯ ಆಚೆಗೊಂದು ಗೆರೆ: ಮೈಸೂರನ್ನು ನಕ್ಷೆಗಿಳಿಸಿದ ಕಾಲಿನ್ ಮೆಕೆಂಜಿಯ ಕತೆ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಗೆ ಹೋಗುವವರು ಸಾಮಾನ್ಯವಾಗಿ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹೋಗುತ್ತಾರೆ, ಇಲ್ಲಾ ಮಠಕ್ಕೆ ಹೋಗುತ್ತಾರೆ. ಇತ್ತ ಮಲೆನಾಡೂ ಅಲ್ಲ, ಅತ್ತ ಬಯಲುಸೀಮೆಯೂ ಅಲ್ಲ ಅನ್ನುವಂಥ ನೆಲ ಇದು. ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಹಿರೇಕೆರೂರು, ಹಾನಗಲ್ ಸೀಮೆ, ಅಂದರೆ ಹಾವೇರಿ ಜಿಲ್ಲೆ. ಪಶ್ಚಿಮಕ್ಕೆ ಸೊರಬ ದಾಟಿದರೆ ಬನವಾಸಿ, ಅಂದರೆ ಉತ್ತರ ಕನ್ನಡ. ಜೋಳದ ರೊಟ್ಟಿ ಎಲ್ಲಿ ಮುಗಿದು ಗಂಜಿ ಎಲ್ಲಿ ಶುರುವಾಗುತ್ತೆ ಅಂತ ಹೇಳೋದು ಕಷ್ಟ. ಜಿಲ್ಲೆಯ ಗಡಿ ದಾಟಿದ್ದು ಬಸ್ಸಿನಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಆದರೆ 1956ರ ನವೆಂಬರ್ 1ರವರೆಗೆ ಇಲ್ಲಿ ಇದ್ದದ್ದು ಜಿಲ್ಲೆಯ ಗಡಿಯಷ್ಟೇ ಅಲ್ಲ, ಎರಡು ಬೇರೆ ಬೇರೆ ಸರ್ಕಾರಗಳ ಗಡಿ. ತೊಗರ್ಸಿ, ಶಿಕಾರಿಪುರ, ಸೊರಬ ಮೈಸೂರಿನವು. ಹಿರೇಕೆರೂರು, ಹಾನಗಲ್, ಬನವಾಸಿ ಬೊಂಬಾಯಿಯವು. ಒಂದೇ ಮಾತು, ಒಂದೇ ಸಂತೆ, ಹೆಣ್ಣು ಕೊಟ್ಟು ತಂದ ಮನೆಗಳು, ನಡುವೆ ಮಾತ್ರ ಗೆರೆ. ಕದಂಬರು ಎಳೆದ ಗೆರೆಯಲ್ಲ ಅದು, ಕೆಳದಿಯವರದ್ದೂ ಅಲ್ಲ. 1799ರ ಬೇಸಿಗೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತ ಮೇಲೆ, ಅವನ ರಾಜ್ಯವನ್ನು ಪಾಲು ಮಾಡಲು ಕೂತವರ ಮೇಜಿನ ಮೇಲೆ ಹುಟ್ಟಿದ್ದು. ಮೇಜಿನ ಮೇಲಿನ ಪಾಲನ್ನು ನೆಲದ ಮೇಲೆ ಹುಡುಕಿ ಕಾಗದಕ್ಕೆ ಇಳಿಸುವ ಕೆಲಸ ಬಿದ್ದದ್ದು ಒಬ್ಬ ಸ್ಕಾಟ್ಲೆಂಡಿನ ಇಂಜಿನಿಯರ್ ಹೆಗಲಿಗೆ. ಹೆಸರು ಕಾಲಿನ್ ಮೆಕೆಂಜಿ.

ಇತಿಹಾಸ ಓದಿದವರಿಗೆ ಈ ಹೆಸರು ಕೈಫಿಯತ್ತುಗಳಿಂದ ಗೊತ್ತು. ಮೆಕೆಂಜಿ ಸಂಗ್ರಹ ಅಂದರೆ ಸಾಕು, ಸಂಶೋಧಕರು ಕೈ ಮುಗಿಯುತ್ತಾರೆ. ಆದರೆ ಆತನ ಸಂಬಳದ ಕೆಲಸ ಕೈಫಿಯತ್ತು ಕೂಡಿಸುವುದಾಗಿರಲಿಲ್ಲ, ನಕ್ಷೆ ಮಾಡುವುದಾಗಿತ್ತು. ಆ ನಕ್ಷೆಯ ಕತೆಯನ್ನು ನಾವು ಅಷ್ಟಾಗಿ ಹೇಳಿಕೊಂಡಿಲ್ಲ.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ಅಂಚಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಊರಿನಲ್ಲಿ. ಅಪ್ಪ ವ್ಯಾಪಾರಿ, ಊರಿನ ಪೋಸ್ಟ್‌ಮಾಸ್ಟರ್ ಕೂಡ. ಕಾಲ ಎಂಥದ್ದು ಅಂತ ನೋಡಿ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಸ್ಕಾಟಿಷ್ ಬೆಟ್ಟಸೀಮೆಯ ಕುಲಗಳ ಬಂಡಾಯವನ್ನು ಇಂಗ್ಲೆಂಡಿನ ಸರ್ಕಾರ ಹೊಸಕಿ ಹಾಕಿತ್ತು. ಬಂಡಾಯಗಾರರು ಅಡಗಿದ ಕಣಿವೆಗಳ ನಕ್ಷೆ ಸೈನ್ಯದ ಹತ್ತಿರ ಇರಲಿಲ್ಲ. ಹಾಗಾಗಿ 1747ರಿಂದ ವಿಲಿಯಂ ರಾಯ್ ಎಂಬಾತ ಸ್ಕಾಟ್ಲೆಂಡಿನ ಮುಖ್ಯ ಭೂಭಾಗವನ್ನೆಲ್ಲ ಅಳೆದು ಸೈನಿಕ ನಕ್ಷೆ ಮಾಡಿದ. ಆ ಕೆಲಸ 1755ರವರೆಗೆ ನಡೆಯಿತು. ಬ್ರಿಟನ್ನಿನ ಆಮೇಲಿನ ಸರ್ವೆ ಇಲಾಖೆಯ ಬೇರು ಇರುವುದು ಅದರಲ್ಲಿಯೇ. ಅಂದರೆ ಬಂಡೆದ್ದ ಸೀಮೆಯನ್ನು ಮೊದಲು ಗೆದ್ದು ಆಮೇಲೆ ಅಳೆಯುವ ಪಾಠ ಬ್ರಿಟಿಷರಿಗೆ ಮೈಸೂರಿನಲ್ಲಿ ಹೊಳೆದದ್ದಲ್ಲ. ಮೆಕೆಂಜಿಯ ತಾಯ್ನೆಲದ ಮೇಲೆಯೇ ಅದರ ಪ್ರಯೋಗ ಆಗಿತ್ತು. ಗೆದ್ದವರ ಕಡೆ ಸೇರಿಕೊಂಡು ಬೇರೆಯವರ ಸೀಮೆಗೆ ಹೋಗುವುದೇ ಅಂಥ ಊರುಗಳ ಹುಡುಗರಿಗೆ ಉಳಿದ ದಾರಿಯಾಗಿತ್ತು. ಕಂಪನಿಯ ಸೈನ್ಯದಲ್ಲಿ ಸ್ಕಾಟರು ಅಷ್ಟೊಂದು ಜನ ಯಾಕಿದ್ದರು ಅನ್ನೋದಕ್ಕೆ ಬೇರೆ ಉತ್ತರ ಬೇಕಿಲ್ಲ.

ಕೆಲವು ವರ್ಷ ಊರಿನಲ್ಲೇ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿ, 1783ರಲ್ಲಿ ಮದ್ರಾಸಿಗೆ ಬಂದಿಳಿದಾಗ ಆತನಿಗೆ ಹತ್ತಿರತ್ತಿರ ಮೂವತ್ತು. ಸೈನ್ಯ ಸೇರುವವರು ಹದಿನಾರು ಹದಿನೇಳಕ್ಕೇ ಬರುತ್ತಿದ್ದ ಕಾಲದಲ್ಲಿ ಇದು ತೀರಾ ತಡ. ಬಂದದ್ದಕ್ಕೆ ಒಂದು ವಿಚಿತ್ರ ಕಾರಣವೂ ಇತ್ತು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್‌ನ ವಂಶದವನಾದ ಲಾರ್ಡ್ ನೇಪಿಯರ್, ತನ್ನ ಪೂರ್ವಜನ ಚರಿತ್ರೆ ಬರೆಸುತ್ತಿದ್ದ. ಅದಕ್ಕಾಗಿ ಭಾರತೀಯ ಗಣಿತದ ಬಗ್ಗೆ ತಿಳಿದುಕೊಳ್ಳುವ ಕೆಲಸಕ್ಕೆ ಮೆಕೆಂಜಿಯನ್ನು ಹಚ್ಚಿದ್ದ. ಆ ಕುಟುಂಬದ ಮಗಳು ಹೆಸ್ಟರ್ ಮದುರೆಯಲ್ಲಿದ್ದಳು. ಅಲ್ಲಿಗೆ ಹೋದ ಮೆಕೆಂಜಿ ಪಂಡಿತರ ಜೊತೆ ಕೂತ. ಹಳೆಯ ಕಾಗದ, ಓಲೆಗರಿ ಹುಡುಕುವ ಚಟ ಹತ್ತಿದ್ದು ಅಲ್ಲಿ ಅಂತ ಆತನೇ ಮುಂದೆ ಹೇಳಿಕೊಂಡಿದ್ದಾನೆ. ಇಂಜಿನಿಯರಿಂಗ್ ಓದಿದವರಿಗೆ ಒಂದು ವಿಷಯ ಹೊಳೆಯಬೇಕು. ಲಾಗರಿದಮ್ ಕೋಷ್ಟಕ ಇಲ್ಲದೆ ಆ ಕಾಲದಲ್ಲಿ ತ್ರಿಕೋನ ಸರ್ವೆ ಮಾಡಲು ಸಾಧ್ಯವೇ ಇರಲಿಲ್ಲ. ನೇಪಿಯರ್‌ನ ಹೆಸರಿನಲ್ಲಿ ಬಂದವನು ನೇಪಿಯರ್‌ನ ಲೆಕ್ಕದಲ್ಲೇ ಮೈಸೂರನ್ನು ಅಳೆದ.

1786ರಲ್ಲಿ ಇಂಜಿನಿಯರ್ ದಳಕ್ಕೆ ಸೇರಿದ ಮೇಲೆ ಮುಂದಿನದ್ದೆಲ್ಲ ಯುದ್ಧ, ನಕ್ಷೆ, ಮತ್ತೆ ಯುದ್ಧ. 1792ರಲ್ಲಿ ಶ್ರೀರಂಗಪಟ್ಟಣದ ಮೊದಲ ಮುತ್ತಿಗೆಯಲ್ಲಿದ್ದ. ಆಮೇಲೆ ಹೈದರಾಬಾದಿನ ನಿಜಾಮನ ಸೀಮೆಯಲ್ಲಿ ವರ್ಷಗಟ್ಟಲೆ ತಿರುಗಿ ನಕ್ಷೆ ಮಾಡಿದ. 1799ರಲ್ಲಿ ಮತ್ತೆ ಶ್ರೀರಂಗಪಟ್ಟಣದ ಕೋಟೆಯೆದುರು ಫಿರಂಗಿ ನೆಲೆಗಳನ್ನು ಕಟ್ಟಿಸುತ್ತಿದ್ದ. ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ. ಜೂನ್ ತಿಂಗಳಲ್ಲಿ ಪಾಲಿನ ಒಪ್ಪಂದ ಆಯಿತು. ಕರಾವಳಿ ಕಂಪನಿಗೆ. ಒಂದಷ್ಟು ಸೀಮೆ ನಿಜಾಮನಿಗೆ. ಪೇಶ್ವೆಗೆ ಅಂತ ಎತ್ತಿಟ್ಟ ಪಾಲಿನಲ್ಲಿ ಹರಪನಹಳ್ಳಿಯೂ ಇತ್ತು, ಘಟ್ಟದ ಮೇಲಿನ ಸೋದೆ ಸೀಮೆಯೂ ಇತ್ತು. ಪೇಶ್ವೆ ಷರತ್ತು ಒಪ್ಪಲಿಲ್ಲ, ಸೋದೆ ಕಂಪನಿಗೇ ಬಂತು. ಉಳಿದದ್ದು ಐದು ವರ್ಷದ ಹುಡುಗ ಕೃಷ್ಣರಾಜ ಒಡೆಯರ ಹೆಸರಿಗೆ, ಆಡಳಿತ ದಿವಾನ್ ಪೂರ್ಣಯ್ಯನವರ ಕೈಗೆ.

ಈಗ ತೊಗರ್ಸಿ ಕಡೆಯಿಂದ ಇದನ್ನು ನೋಡಿ. ಶಿಕಾರಿಪುರ, ಸೊರಬ ಮೈಸೂರಿಗೆ. ಪಕ್ಕದ ಬನವಾಸಿ ಕಂಪನಿಗೆ. ಉತ್ತರದ ಹಿರೇಕೆರೂರು, ಹಾನಗಲ್ ಮರಾಠರ ಕೈಯಲ್ಲಿ. ಮೂರು ಸರ್ಕಾರಗಳು ಕೂಡುವ ಜಾಗ. ಸಾಲದ್ದಕ್ಕೆ ಯುದ್ಧವೂ ಇಲ್ಲಿ ಮುಗಿದಿರಲಿಲ್ಲ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘ್, ಟಿಪ್ಪುವಿನ ಚದುರಿದ ಸವಾರರನ್ನು ಕೂಡಿಸಿಕೊಂಡು ಬಿದನೂರು ಸೀಮೆಯಲ್ಲಿ ಎದ್ದ. 1799ರ ಆಗಸ್ಟ್‌ನಲ್ಲಿ ಕಂಪನಿಯ ಸೈನ್ಯ ಅವನನ್ನು ಸೋಲಿಸಿದ್ದು ಶಿಕಾರಿಪುರದಲ್ಲಿಯೇ. ತಪ್ಪಿಸಿಕೊಂಡು ಮರಾಠರ ಸೀಮೆಗೆ ದಾಟಿದ, ಗಡಿ ದಾಟಿ ಹಿಡಿಯಬಹುದೋ ಬಾರದೋ ಅಂತ ಕಂಪನಿಯವರು ತಲೆ ಕೆರೆದುಕೊಂಡರು. ಕೊನೆಗೆ 1800ರ ಸೆಪ್ಟೆಂಬರ್‌ನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅವನನ್ನು ಕೊಂದಿತು. ಗಡಿ ಎಲ್ಲಿದೆ ಅನ್ನುವ ಪ್ರಶ್ನೆ ಅವತ್ತು ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ. ಯಾವ ಹಳ್ಳದ ಈಚೆ ಬಂದವನಿಗೆ ಗುಂಡು ಹಾರಿಸಬಹುದು ಅನ್ನುವ ಪ್ರಶ್ನೆಯಾಗಿತ್ತು.

ಗವರ್ನರ್ ಜನರಲ್ ವೆಲ್ಲೆಸ್ಲಿ, ಅಂದರೆ ಆರ್ಥರ್‌ನ ಅಣ್ಣ, ಮೈಸೂರು ಸರ್ವೆಗೆ ಮೆಕೆಂಜಿಯನ್ನು ನೇಮಿಸಿದ್ದು 1799ರಲ್ಲಿ. ಆಗ ಆತನಿಗೆ 45. ಅದೇ ಹೊತ್ತಿಗೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಬೆಳೆ, ಕಸುಬು, ಜಾತಿ, ಗೇಣಿ ವಿಚಾರಿಸಿಕೊಂಡು ಬರಲು ಕಳಿಸಿದರು. ಆತ 1801ರಲ್ಲಿ ಬನವಾಸಿ, ಇಕ್ಕೇರಿ ಕಡೆಗೂ ಬಂದು ಹೋದ. ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ 1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆ ಅಳೆದ. ಮುಂದೆ ಹಿಮಾಲಯದವರೆಗೆ ಹೋದ ಮಹಾ ತ್ರಿಕೋನ ಸರ್ವೆಯ ಪೂರ್ವತಯಾರಿ ಅದು. ಲ್ಯಾಂಬ್ಟನ್‌ಗೆ ಭೂಮಿಯ ಆಕಾರ ಗೊತ್ತಾಗಬೇಕಿತ್ತು. ಬುಕಾನನ್‌ಗೆ ಆದಾಯ ಎಲ್ಲಿದೆ ಅಂತ ಬೇಕಿತ್ತು. ಮೆಕೆಂಜಿಗೆ ಎರಡೂ ಬೇಕಿತ್ತು, ಜೊತೆಗೆ ಊರಿನ ಕತೆಯೂ ಬೇಕಿತ್ತು.

ಕೆಲಸ ಹೇಗೆ ನಡೆಯುತ್ತಿತ್ತು? ಸಮತಟ್ಟಾದ ಜಾಗದಲ್ಲಿ ಸರಪಳಿ ಹಿಡಿದು ಒಂದು ನೇರ ಗೆರೆಯನ್ನು ಬಹಳ ಜೋಪಾನವಾಗಿ ಅಳೆಯಬೇಕು. ಅದರ ಎರಡು ತುದಿಯಿಂದ ದೂರದ ಒಂದು ಗುಡ್ಡದ ನೆತ್ತಿಯನ್ನು ಥಿಯೊಡೊಲೈಟ್‌ನಲ್ಲಿ ನೋಡಿ ಕೋನ ಬರೆದುಕೊಳ್ಳಬೇಕು. ಒಂದು ಬಾಹು, ಎರಡು ಕೋನ ಗೊತ್ತಾದರೆ ಉಳಿದ ಎರಡು ಬಾಹು ಲೆಕ್ಕದಲ್ಲಿ ಸಿಗುತ್ತವೆ. ಆ ಬಾಹು ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಗುಡ್ಡದಿಂದ ಗುಡ್ಡಕ್ಕೆ ಬಲೆ ನೇಯುತ್ತ ಹೋಗಬೇಕು. ಚಂದ್ರಗುತ್ತಿಯಂಥ ಗುಡ್ಡ ನೋಡಿದ ಸರ್ವೆಯವನ ಬಾಯಲ್ಲಿ ನೀರೂರುತ್ತೆ, ಸುತ್ತ ಇಡೀ ಸೀಮೆ ಕಾಣುತ್ತೆ. ಬಲೆ ಸಿದ್ಧವಾದ ಮೇಲೆ ಒಳಗಿನ ಊರು, ಕೆರೆ, ದಾರಿ, ಹಳ್ಳ ಎಲ್ಲ ತುಂಬಿಸಲು ಪ್ಲೇನ್ ಟೇಬಲ್. ಮೂರು ಕಾಲಿನ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ, ಕಣ್ಣಿಗೆ ಕಂಡದ್ದನ್ನು ಅಲ್ಲೇ ನಿಂತು ಬರೆಯೋದು. ಸಿವಿಲ್ ಓದಿದವರಿಗೆಲ್ಲ ಕಾಲೇಜಿನ ಮೈದಾನದಲ್ಲಿ ಬಿಸಿಲಲ್ಲಿ ನಿಂತು ಇದನ್ನೇ ಮಾಡಿದ ನೆನಪಿರುತ್ತೆ. ನಮಗೆ ಬೇಕಿದ್ದದ್ದು ಇಂಟರ್ನಲ್ ಮಾರ್ಕ್ಸ್. ಈ ವಿದ್ಯೆಯನ್ನು ಈ ದೇಶಕ್ಕೆ ತಂದವರಿಗೆ ಬೇಕಿದ್ದದ್ದು ದೇಶ ಅಂತ ಯಾವ ಮೇಷ್ಟ್ರೂ ಹೇಳಿದ್ದಿಲ್ಲ.

ಹಲಗೆ ಹೊತ್ತುಕೊಂಡು ತಿರುಗಿದ್ದು ಬಹುಪಾಲು ಹುಡುಗರು. 1794ರಲ್ಲಿ ಮದ್ರಾಸಿನಲ್ಲಿ ಮೈಕೆಲ್ ಟಾಪಿಂಗ್ ಎಂಬಾತ ಎಂಟು ಹುಡುಗರನ್ನಿಟ್ಟುಕೊಂಡು ಸರ್ವೆ ಶಾಲೆ ತೆರೆದಿದ್ದ. ಅಲ್ಲಿ ಕಲಿತವರು ಹೆಚ್ಚಾಗಿ ಯುರೋಪಿಯನ್ ಅಪ್ಪ, ಇಲ್ಲಿನ ಅಮ್ಮನಿಗೆ ಹುಟ್ಟಿ ಅನಾಥಾಲಯದಲ್ಲಿ ಬೆಳೆದವರು. ಕಂಪನಿಯ ದೊಡ್ಡ ಹುದ್ದೆಗೆ ಅವರನ್ನು ಸೇರಿಸುತ್ತಿರಲಿಲ್ಲ, ಆದರೆ ಕಡಿಮೆ ಸಂಬಳಕ್ಕೆ ಕಾಡು ಸುತ್ತಿಸಬಹುದಿತ್ತು. ಗಿಂಡಿಯ ಇಂಜಿನಿಯರಿಂಗ್ ಕಾಲೇಜು ತನ್ನ ವಂಶಾವಳಿಯನ್ನು ಎಣಿಸುವುದು ಇದೇ ಶಾಲೆಯಿಂದ. ಅವರಲ್ಲಿ ಬೆಂಜಮಿನ್ ವಾರ್ಡ್ ಮುಂದೆ ತಿರುವಾಂಕೂರು ಸರ್ವೆಯಿಂದ ಹೆಸರು ಮಾಡಿದ. ಉಳಿದವರನ್ನು ಸರ್ವೆಯ ಇತಿಹಾಸ ಬರೆದವರು ಬಿಟ್ಟರೆ ಯಾರೂ ನೆನೆಯುವುದಿಲ್ಲ. ಅವರಿಗಿಂತ ಕೆಳಗೆ ಸರಪಳಿ ಎಳೆದವರು, ಗುಡ್ಡ ಹತ್ತಿ ಬಾವುಟ ಹಿಡಿದವರು.

ಇನ್ನೂ ಕೆಳಗೆ ಇಳಿದರೆ ಊರಿನ ಕುಳವಾಡಿ ಸಿಗುತ್ತಾನೆ. ಹಳೇ ಮೈಸೂರು ಸೀಮೆಯಲ್ಲಿ ಎರಡು ಊರಿನ ನಡುವೆ ಎಲ್ಲೆಯ ಜಗಳ ಬಂದರೆ, ಎಲ್ಲೆಕಲ್ಲು ಎಲ್ಲಿದೆ ಅಂತ ತೋರಿಸಿ ಪ್ರಮಾಣ ಮಾಡುವ ಹಕ್ಕು ಇದ್ದದ್ದು ಹೊಲೆಯರ ಕೇರಿಯ ಕುಳವಾಡಿಗೆ. ಗೌಡನೂ ಅವನ ಮಾತು ಒಪ್ಪಬೇಕು, ಶಾನುಭೋಗನೂ ಒಪ್ಪಬೇಕು. ಗುಡಿಯೊಳಗೆ ಬಿಡದಿದ್ದರೂ ಗಡಿಯ ಮೇಲೆ ಅವನ ಮಾತೇ ಕೊನೆ. ನಕ್ಷೆ ಬಂದ ಮೇಲೆ ಆ ಜ್ಞಾನ ಕಾಗದಕ್ಕೆ ಹೋಯಿತು, ಕಾಗದ ಕಚೇರಿಗೆ ಹೋಯಿತು. ಕಚೇರಿಯಲ್ಲಿ ಕೂತವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ವಸಾಹತುಶಾಹಿ ನಕ್ಷೆಯ ಬಗ್ಗೆ ಬರೆಯುವವರು ಬ್ರಿಟಿಷರು ನಮ್ಮಿಂದ ಏನು ಕಿತ್ತುಕೊಂಡರು ಅಂತ ಬಹಳ ಬರೆದಿದ್ದಾರೆ. ನಮ್ಮೊಳಗೆ ಯಾರಿಂದ ಯಾರಿಗೆ ಏನು ಹೋಯಿತು ಅನ್ನೋದನ್ನ ಅಷ್ಟು ಬರೆದಿಲ್ಲ.

ಮೆಕೆಂಜಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು, ತಮಿಳೂ ಅಷ್ಟೇ. ಇದನ್ನು ಆತ ಮುಚ್ಚಿಡಲಿಲ್ಲ. ಆತನ ಕಿವಿ ಬಾಯಿ ಎರಡೂ ಆಗಿದ್ದವನು ಕಾವಲಿ ವೆಂಕಟ ಬೋರಯ್ಯ, ಏಲೂರಿನ ಕಡೆಯ ಬ್ರಾಹ್ಮಣ ತರುಣ. ಸರ್ವೆ ಶುರುವಾದಾಗ ವಯಸ್ಸು ಇಪ್ಪತ್ತಮೂರೋ ನಾಲ್ಕೋ. ತೆಲುಗು, ತಮಿಳು, ಕನ್ನಡ, ಸಂಸ್ಕೃತ, ಇಂಗ್ಲಿಷ್ ಎಲ್ಲ ಬಲ್ಲವನು. ಊರಿಗೆ ಮುಂಚೆಯೇ ಹೋಗಿ ಶಾನುಭೋಗರು, ಮಠದವರು, ಬಸದಿಯವರನ್ನು ಮಾತಾಡಿಸಿ, ಹೆದರಿಕೆ ಕಳೆದು, ಕಡತ ಬಿಚ್ಚಿಸುತ್ತಿದ್ದ. ಓದಲಾಗದೆ ಬಿದ್ದಿದ್ದ ಹಳಗನ್ನಡ ಶಾಸನಗಳನ್ನು ಬಿಡಿಸಿದ್ದೂ ಅವನೇ. ಬಳ್ಳಿಗಾವಿ, ತಾಳಗುಂದ, ಬಂದಳಿಕೆಯಂಥ ಕಲ್ಲಿನ ಕಡತಗಳ ಸೀಮೆಯಲ್ಲಿ ಅಂಥವನೊಬ್ಬ ಎಷ್ಟು ಬೇಕಿತ್ತು ಅಂತ ಯೋಚಿಸಿ. ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನ ಸಂಪುಟಗಳನ್ನು ಹೊರತಂದದ್ದು 1902 ಮತ್ತು 1904ರಲ್ಲಿ, ಅಂದರೆ ನೂರು ವರ್ಷ ಆದ ಮೇಲೆ. ಬೋರಯ್ಯ 1803ರ ಜನವರಿಯಲ್ಲಿ ತೀರಿಕೊಂಡ, ಇಪ್ಪತ್ತಾರು ವರ್ಷ ಅಷ್ಟೇ. ಜೈನರ ಬಗ್ಗೆ ಆತ ಅನುವಾದಿಸಿದ ಬರಹ 1807ರಲ್ಲಿ ಏಷ್ಯಾಟಿಕ್ ರಿಸರ್ಚಸ್‌ನಲ್ಲಿ ಅಚ್ಚಾದಾಗ ಅದರ ಮೇಲೆ ಅವನ ಹೆಸರಿತ್ತು. ಆ ಕಾಲಕ್ಕೆ ಅದೇ ದೊಡ್ಡದು. ಅವನ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದ. ಇನ್ನೊಬ್ಬ ಸೋದರ ರಾಮಸ್ವಾಮಿಯೂ ಇದ್ದ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಕೂಡಿಕೊಂಡ.

ಹಳ್ಳಿಗಳಲ್ಲಿ ಇವರನ್ನು ಕಂಡರೆ ಅನುಮಾನ ಇದ್ದೇ ಇತ್ತು. ಮನೆ ಎಷ್ಟು, ನೇಗಿಲು ಎಷ್ಟು, ಕೆರೆ ಎಷ್ಟು, ಬಾವಿ ಎಷ್ಟು, ಯಾವ ಜಾತಿಯವರು ಎಷ್ಟು ಜನ ಅಂತ ಕೇಳಿಕೊಂಡು ಬಂದವರು ಕಂದಾಯ ಏರಿಸದೆ ಬಿಡುತ್ತಾರೆ ಅಂತ ಯಾರು ನಂಬುತ್ತಾರೆ? ಪೂರ್ಣಯ್ಯನವರ ಆಡಳಿತಕ್ಕೂ ಒಳಗೊಳಗೇ ಕಸಿವಿಸಿ. ಇತ್ತ ಲಂಡನ್ನಿನ ನಿರ್ದೇಶಕರಿಗೆ ಖರ್ಚಿನ ಚಿಂತೆ. ಸರ್ವೆಗೆ ಸಸ್ಯಶಾಸ್ತ್ರಜ್ಞ ಅಂತ ಬಂದಿದ್ದ ಬೆಂಜಮಿನ್ ಹೈನೆ ಹೊರಗೆ ಹೋದ, ಮೆಕೆಂಜಿಯ ಭತ್ಯೆಗೂ ಕತ್ತರಿ ಬಿತ್ತು. ಇನ್ನೊಂದು ಕಡೆ ಕಾಡುಜ್ವರ. ಗುಡ್ಡದ ಸೀಮೆಗೆ ಹೋದ ಹುಡುಗರು ನಡುಗುತ್ತ ವಾಪಸು ಬರುತ್ತಿದ್ದರು, ಕೆಲವರು ಬರಲಿಲ್ಲ. ಮೆಕೆಂಜಿಯೂ ಜ್ವರದಲ್ಲಿ ಮಲಗೆದ್ದ. ಮಲೆನಾಡಿನ ಅಂಚಿನವರಿಗೆ ಈ ಹೆದರಿಕೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾಗಿ, ಆ ಪುಟ್ಟ ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೇರಿಹೋಯಿತು. ಊರೊಂದು ನಕ್ಷೆಗೆ ಸೇರುವುದಕ್ಕೆ ಹೀಗೂ ದಾರಿಗಳಿವೆ.

ಎಂಟು ಹತ್ತು ವರ್ಷ ನಡೆದ ಈ ಕೆಲಸದಲ್ಲಿ ಮೈಸೂರು ಮತ್ತು ಸುತ್ತಲಿನ ಸುಮಾರು 40,000 ಚದರ ಮೈಲಿ ಕಾಗದಕ್ಕೆ ಇಳಿಯಿತು. ಗಡಿ, ದಾರಿ, ಗುಡ್ಡ, ಕೋಟೆ, ನದಿ ಮಾತ್ರ ಅಲ್ಲ. ನಕ್ಷೆಯ ಜೊತೆ ಮೆಮೊಯಿರ್ ಅಂತ ಕರೆಯುವ ವರದಿಗಳು, ಊರುಗಳ ಪಟ್ಟಿಗಳು. ನನಗೆ ಅತ್ಯಂತ ಕುತೂಹಲ ಹುಟ್ಟಿಸುವುದು ಆ ಪಟ್ಟಿಗಳಲ್ಲಿ ಬರುವ ಹಾಳೂರುಗಳು. ಮೂವತ್ತು ನಲವತ್ತು ವರ್ಷ ಹೈದರ್, ಮರಾಠರು, ಟಿಪ್ಪು, ಕಂಪನಿ ಅಂತ ಸೈನ್ಯಗಳು ಓಡಾಡಿದ ಸೀಮೆ. ಜನ ಬಿಟ್ಟುಹೋದ ಊರುಗಳನ್ನೂ ಮೆಕೆಂಜಿಯ ಜನ ಬರೆದುಕೊಂಡರು. ನಮ್ಮ ಕಂದಾಯ ದಾಖಲೆಯಲ್ಲಿ ಇವತ್ತಿಗೂ ಬೇಚರಾಕ್ ಗ್ರಾಮ ಅನ್ನುವ ಮಾತಿದೆ. ಪಾರ್ಸಿಯ ಬೇಚಿರಾಗ್, ಅಂದರೆ ದೀಪ ಇಲ್ಲದ್ದು. ದೀಪ ಹಚ್ಚುವವರಿಲ್ಲದ ಊರು, ಆದರೆ ಸರ್ಕಾರದ ಲೆಕ್ಕದಲ್ಲಿ ಊರೇ. ಶಿವಮೊಗ್ಗ ಜಿಲ್ಲೆಯ ರೆವಿನ್ಯೂ ಕಚೇರಿಗಳಲ್ಲಿ ಈ ಪದ ಕೇಳದ ದಿನ ಇರಲಿಕ್ಕಿಲ್ಲ.

1811ರಲ್ಲಿ ಮೆಕೆಂಜಿಯನ್ನು ಜಾವಾಕ್ಕೆ ಕಳಿಸಿದರು. ಡಚ್ಚರ ಕೈಯಿಂದ ಬ್ರಿಟಿಷರು ಆ ದ್ವೀಪ ಕಿತ್ತುಕೊಂಡ ಯುದ್ಧ ಅದು. ಆತನ ಬಗ್ಗೆ ಮೆಚ್ಚಿ ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. 1812ರ ಜೂನ್‌ನಲ್ಲಿ ಬ್ರಿಟಿಷ್ ಸೈನ್ಯ ಯೋಗ್ಯಕರ್ತದ ಸುಲ್ತಾನನ ಅರಮನೆಗೆ ನುಗ್ಗಿ ಲೂಟಿ ಮಾಡಿತು. ಅರಮನೆಯ ಹಸ್ತಪ್ರತಿಗಳು ಮೂವರು ಅಧಿಕಾರಿಗಳ ಸಂಗ್ರಹಕ್ಕೆ ಹೋದವು. ಅವರಲ್ಲಿ ಒಬ್ಬ ಮೆಕೆಂಜಿ. ಮೈಸೂರಿನಲ್ಲಿ ಕಾಗದ ಕೇಳಿ ಪಡೆದ, ನಕಲು ಮಾಡಿಸಿದ, ದುಡ್ಡು ಕೊಟ್ಟು ಕೊಂಡ. ಜಾವಾದಲ್ಲಿ ಕತ್ತಿಯ ಹಿಂದೆ ಹೋಗಿ ಎತ್ತಿಕೊಂಡ. ಎರಡೂ ಒಬ್ಬನೇ ಮನುಷ್ಯ. ಮೈಸೂರಿನಲ್ಲಿ ಕೇಳಿ ಪಡೆಯಲು ಆದದ್ದಾದರೂ ಹೇಗೆ? ಕತ್ತಿ ಆಗಲೇ ತನ್ನ ಕೆಲಸ ಮುಗಿಸಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಜಾವಾದಲ್ಲೇ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬ ಹುಡುಗಿಯನ್ನು ಮದುವೆಯಾದ. ಆತನಿಗೆ ಐವತ್ತೆಂಟು.

1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಹುದ್ದೆ ಸಿಕ್ಕಿತು. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಆತನ ಭಾವಚಿತ್ರ ಬರೆದ. ಕೆಂಪು ಸಮವಸ್ತ್ರದ ಮೆಕೆಂಜಿ, ಜೊತೆಗೆ ಮೂವರು ಭಾರತೀಯರು, ಒಬ್ಬನ ಕೈಯಲ್ಲಿ ದುರ್ಬೀನು, ದೂರದಲ್ಲಿ ಗೊಮ್ಮಟ. ಆ ಕಾಲದ ಸಾಹೇಬರ ಚಿತ್ರಗಳಲ್ಲಿ ಕೆಲಸದವರು ಹುಕ್ಕಾ ಹಿಡಿದು ಮೂಲೆಯಲ್ಲಿರುತ್ತಾರೆ. ಇಲ್ಲಿ ಪಕ್ಕದಲ್ಲೇ ಇದ್ದಾರೆ. ಅಷ್ಟರ ಮಟ್ಟಿಗೆ ಆತನಿಗೆ ಕೃತಜ್ಞತೆ ಇತ್ತು ಅಂತ ಒಪ್ಪಬೇಕು. 1817ರಲ್ಲಿ ಕಲ್ಕತ್ತಾಕ್ಕೆ ಹೋದ, ಲಕ್ಷ್ಮಯ್ಯನೂ ಧರ್ಮಯ್ಯನಂಥ ಪಂಡಿತರೂ ಕಡತದ ಪೆಟ್ಟಿಗೆಗಳೂ ಆತನ ಬದುಕಿನ ಭಾಗವಾಗಿಬಿಟ್ಟಿದ್ದವು. ಕೂಡಿಸಿದ್ದನ್ನೆಲ್ಲ ಕ್ರಮವಾಗಿ ಜೋಡಿಸಿ ಬರೆಯಬೇಕು ಅನ್ನುವ ಆಸೆ ಆಸೆಯಾಗಿಯೇ ಉಳಿಯಿತು. 1821ರ ಮೇ 8ರಂದು ತೀರಿಕೊಂಡ. ಸಮಾಧಿ ಕಲ್ಕತ್ತಾದ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. ಲೂಯಿಸ್ ದ್ವೀಪ ಬಿಟ್ಟವನು ಮತ್ತೆ ಆ ಕಡೆ ಹೋಗಲೇ ಇಲ್ಲ.

ಹೆಂಡತಿಯಿಂದ ಸಂಗ್ರಹವನ್ನು ಕಂಪನಿ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಅದರ ಪಟ್ಟಿ ಅಚ್ಚು ಮಾಡಿಸಿದ. 1,568 ಹಸ್ತಪ್ರತಿ, 8,076 ಶಾಸನದ ಪ್ರತಿ, 2,630 ಚಿತ್ರ, 6,218 ನಾಣ್ಯ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದರಲ್ಲೇ ಮುಳುಗಿದ್ದ ಲಕ್ಷ್ಮಯ್ಯ, ನಿಂತ ಕೆಲಸವನ್ನು ನಾನು ಮುಂದುವರಿಸುತ್ತೇನೆ ಅಂತ ಅರ್ಜಿ ಹಾಕಿದ. 1836ರ ಹೊತ್ತಿಗೆ ಅದು ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಸಮಿತಿ ಮುಂದೆ ಬಂತು. ಬ್ರಾಹ್ಮೀ ಲಿಪಿ ಓದಿ ಹೆಸರಾದ ಜೇಮ್ಸ್ ಪ್ರಿನ್ಸೆಪ್ ಅದರಲ್ಲಿದ್ದ. ಇಂಥ ವಿಮರ್ಶೆಯ ಕೆಲಸಕ್ಕೆ ಭಾರತೀಯನೊಬ್ಬ ಸಾಲದು ಅಂತ ಸಮಿತಿ ತೀರ್ಮಾನಿಸಿತು. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು. ಆತ ಮಾಡಿದ್ದರ ಬಗ್ಗೆ ಮುಂದಿನ ವಿದ್ವಾಂಸರಿಗೆ ಅಂಥ ಗೌರವವೇನೂ ಹುಟ್ಟಲಿಲ್ಲ. ದತ್ತಾಂಶ ಕೂಡಿಸುವವರು ಒಬ್ಬರು, ಅದರ ಅರ್ಥ ಹೇಳುವವರು ಇನ್ನೊಬ್ಬರು. ಈ ಏರ್ಪಾಡು ನಮ್ಮ ಐಟಿ ಕಂಪನಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಇವತ್ತು ಹೇಗೆ ನಡೆಯುತ್ತೆ ಅಂತ ಓದುಗರಿಗೇ ಗೊತ್ತಿದೆ.

ನಕ್ಷೆಗೆ ಅದರದ್ದೇ ಆಯುಷ್ಯ ಇತ್ತು. 1822ರಲ್ಲಿ ಲಂಡನ್ನಿನ ಆರೋಸ್ಮಿತ್ ದಕ್ಷಿಣ ಭಾರತದ ಅಟ್ಲಾಸನ್ನು 18 ಹಾಳೆಗಳಲ್ಲಿ ಹೊರತಂದ, ಇಂಚಿಗೆ ನಾಲ್ಕು ಮೈಲಿ. ಅದರ ಒಡಲಲ್ಲಿದ್ದದ್ದು ಮೆಕೆಂಜಿ ಮತ್ತು ಲ್ಯಾಂಬ್ಟನ್ ಸರ್ವೆ. 1830ರಲ್ಲಿ ಕಂದಾಯದ ಕಿರುಕುಳಕ್ಕೆ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದರು. ಬೂದಿ ಬಸವಪ್ಪ ಕೆಳದಿಯ ವಾರಸುದಾರ ಅಂತ ಹೇಳಿಕೊಂಡು ಮುಂದೆ ನಿಂತ. ದಂಗೆ ಅಡಗಿಸಲು ಕಂಪನಿಯ ಸೈನ್ಯ ಬಂತು. 1799ರಲ್ಲಿ ಧೋಂಡಿಯನ ಬೆನ್ನು ಹತ್ತಿದಾಗ ಇಲ್ಲದ ನಕ್ಷೆ ಈ ಸಲ ಅವರ ಹತ್ತಿರ ಇತ್ತು. 1831ರಲ್ಲಿ ಮೈಸೂರಿನ ಆಡಳಿತವನ್ನೇ ಕಂಪನಿ ತೆಗೆದುಕೊಂಡಿತು. ಹೊಲ ಹೊಲ ಅಳೆಯುವ ಕಂದಾಯ ಸರ್ವೆ 1863ರಲ್ಲಿ ಶುರುವಾಯಿತು. ಸರ್ವೆ ನಂಬರು, ಟಿಪ್ಪಣಿ, ಆಕಾರಬಂದ್, ಇವತ್ತು ಪೋಡಿಗೆ ಅಲೆಯುವ ರೈತನ ಕೈಯಲ್ಲಿರುವ ಕಾಗದದ ಮೂಲ ಎಲ್ಲ ಅಲ್ಲಿಂದ ಬಂದದ್ದು. ಮೆಕೆಂಜಿಯದ್ದು ಸೀಮೆಯ ನಕ್ಷೆ, ಇದು ಹೊಲದ ನಕ್ಷೆ. ಎರಡನ್ನೂ ಒಂದೇ ಅಂದುಕೊಂಡು ವಾದ ಮಾಡುವವರು ನಮ್ಮಲ್ಲಿ ಬಹಳ ಜನ.

ಇದೆಲ್ಲ ಈಗ ಯಾಕೆ ಅಂದರೆ, ಸೊರಬದಿಂದ ಒಬ್ಬರು, ಶಿಕಾರಿಪುರದಿಂದ ಇನ್ನೊಬ್ಬರು ಮುಖ್ಯಮಂತ್ರಿಗಳಾದ ಮೇಲೂ ಈ ಎರಡು ತಾಲ್ಲೂಕಿನಲ್ಲಿ ಬಗರ್‌ಹುಕುಂ ಅರ್ಜಿಗಳು ಮುಗಿದಿಲ್ಲ. ಕಂದಾಯ ಇಲಾಖೆ ತನ್ನದು ಅನ್ನುವ ಗೋಮಾಳವನ್ನೇ ಅರಣ್ಯ ಇಲಾಖೆ ಡೀಮ್ಡ್ ಅರಣ್ಯ ಅನ್ನುತ್ತೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಲೆಕ್ಕ 2005ರ ಡಿಸೆಂಬರ್ 13ರಿಂದ ಹಿಂದಕ್ಕೆ. ಅಜ್ಜಿ ಹೇಳಿದ್ದು ಪುರಾವೆ ಅಲ್ಲ ಅಂತ ಅರ್ಜಿ ವಜಾ ಮಾಡುವ ಅಧಿಕಾರಿಗಳಿದ್ದಾರೆ. ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ ಊರಿನ ಹಿರಿಯರ ಹೇಳಿಕೆಗೂ ಜಾಗ ಇದೆ, ಗೆಜೆಟಿಯರ್, ಸರ್ವೆ ವರದಿ, ನಕ್ಷೆ ಎಲ್ಲವನ್ನೂ ಸಾಕ್ಷ್ಯ ಅಂತ ಹೆಸರಿಸಿದ್ದಾರೆ. ಮೆಕೆಂಜಿಯ ಪಟ್ಟಿಯೊಂದೇ ಯಾರ ಮನೆಯ ಹಕ್ಕನ್ನೂ ಸಾಬೀತು ಮಾಡುವುದಿಲ್ಲ. ಅದಕ್ಕೆ ಸರ್ವೆ ಆಫ್ ಇಂಡಿಯಾದ ಇಂಚಿಗೊಂದು ಮೈಲಿಯ ಹಳೆಯ ಹಾಳೆಗಳು ಹೆಚ್ಚು ಉಪಯೋಗ. ಈ ಸೀಮೆ ಬರುವುದು 48ಎನ್ ಎಂಬ ಹಾಳೆಯಲ್ಲಿ. ಆದರೆ ಕಾಡು ಅಂತ ಈಗ ಕರೆಯುವ ಜಾಗದಲ್ಲಿ ಇನ್ನೂರು ವರ್ಷದ ಹಿಂದೆ ಊರಿತ್ತು, ಕೆರೆಯಿತ್ತು ಅಂತ ತೋರಿಸಬಲ್ಲ ಸರ್ಕಾರಿ ಕಾಗದ ಬೇರೆ ಎಷ್ಟಿದೆ?

ಆ ಕಾಗದ ಎಲ್ಲಿದೆ ನೋಡಿ. ನಕ್ಷೆಗಳು, ಚಿತ್ರಗಳ ದೊಡ್ಡ ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಸರ್ವೆಯ ವರದಿಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ. ಕೈಫಿಯತ್ತುಗಳು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಮಾಡಿದ್ದರಿಂದ ಅದಷ್ಟಾದರೂ ನಮ್ಮ ಕೈಗೆ ಬಂತು. ಟೊಪೊ ಶೀಟು ಕೊಳ್ಳಲು ದಶಕಗಟ್ಟಲೆ ನಿರ್ಬಂಧ ಇತ್ತು. ತಮ್ಮದೇ ಊರಿನ ನಕ್ಷೆ ಕೇಳಿದವರನ್ನು ಗೂಢಚಾರರಂತೆ ನೋಡುತ್ತಿದ್ದರು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಯ ನಿಯಮಗಳನ್ನು ಸಡಿಲ ಮಾಡಿತು. ಮ್ಯಾಪ್ ಕಂಪನಿಗಳು ಚಪ್ಪಾಳೆ ತಟ್ಟಿದವು. ತಾಲ್ಲೂಕು ಕಚೇರಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ಯೋಗ್ಯಕರ್ತದ ಅರಮನೆಯಿಂದ ಹೋದ ಜಾವಾನೀಸ್ ಹಸ್ತಪ್ರತಿಗಳಲ್ಲಿ 75ನ್ನು ಬ್ರಿಟಿಷ್ ಲೈಬ್ರರಿ ಡಿಜಿಟಲ್ ಮಾಡಿಸಿ 2019ರಲ್ಲಿ ಅಲ್ಲಿನ ಸುಲ್ತಾನರಿಗೆ ಪ್ರತಿ ಒಪ್ಪಿಸಿತು. ಮೂಲ ಇನ್ನೂ ಲಂಡನ್ನಿನಲ್ಲೇ ಇದೆ, ಆ ಜಗಳ ಬೇರೆ. ಮೈಸೂರು ಸರ್ವೆಯ ಹಾಳೆ ಮತ್ತು ಊರಪಟ್ಟಿಗಳ ಪ್ರತಿಯನ್ನು ಕರ್ನಾಟಕ ಸರ್ಕಾರವೂ ಹೀಗೆ ಕೇಳಿ ತರಿಸಬಹುದು. ರಾಜ್ಯ ಪತ್ರಾಗಾರದ ಗಾಜಿನ ಪೆಟ್ಟಿಗೆಗೆ ಅಂತ ಅಲ್ಲ. ಶಿಕಾರಿಪುರ, ಸೊರಬದ ಅರಣ್ಯ ಹಕ್ಕಿನ ಅರ್ಜಿಗಳು ಬಂದು ಬೀಳುವ ಸಾಗರದ ಉಪವಿಭಾಗಾಧಿಕಾರಿ ಕಚೇರಿಗೆ, ಅರ್ಜಿದಾರರು ಬಂದು ನೋಡಿ ಜೆರಾಕ್ಸ್ ತೆಗೆದುಕೊಳ್ಳುವ ಹಾಗೆ.